ಬರಿಗಾಲಿನ ತೀರ್ಪುಗಾರ

ಕೆಳಮನೆ, ಬೀಜಾಡಿ
೧೫–೩–೨೦೦೮, ಶನಿವಾರ

ಪ್ರೀತಿಯ ರೂಪೇಶ,

ನಿನ್ನ ಬಲಭುಜ ಈಗ ಹೇಗಿದೆ? ಉಳಿದದ್ದೆಲ್ಲ ಆಮೇಲೆ, ಮೊದಲು ಅದು. ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಎಳೆಯುವಾಗ ಭುಜ ಹಿಡಿದುಕೊಂಡು ಮೂರು ದಿನ ಕೈ ಎತ್ತಲಾಗದೆ ಮಲಗಿದ್ದೆಯಂತೆ. ನಿನ್ನ ಅಬ್ಬಿ, ನನ್ನ ತಂಗಿ ಸುಗುಣ, ಕಳೆದ ವಾರ ಇಲ್ಲಿಗೆ ಬಂದಾಗ ಹೇಳಿದಳು. ಬಿಸಿ ಉಪ್ಪಿನ ಗಂಟು ಕಟ್ಟಿ ಶಾಖ ಕೊಡು. ಯಾರಾದರೂ ಎಣ್ಣೆ ಹಾಕಿ ತಿಕ್ಕುತ್ತೇನೆಂದು ಬಂದರೆ ಕೈ ಮುಗಿದು ಕಳಿಸಿಬಿಡು, ತಿಕ್ಕಿದರೆ ನೋವು ಹೆಚ್ಚುತ್ತದೆ. ಇದನ್ನು ನಿನ್ನ ಅಬ್ಬಿಯ ಅಣ್ಣನಾಗಿ ಹೇಳುತ್ತಿಲ್ಲ, ಮೂವತ್ತೊಂದು ವರ್ಷ ಶಾಲೆಯ ಮಕ್ಕಳ ಉಳುಕಿದ ಕೈಕಾಲು ನೋಡಿದ ಡ್ರಿಲ್ ಮಾಸ್ತರನಾಗಿ ಹೇಳುತ್ತಿದ್ದೇನೆ. ಮಾವನ ಮಾತನ್ನು ನೀನು ಕೇಳುವುದಿಲ್ಲ ಎಂದು ಗೊತ್ತು, ಮಾಸ್ತರನ ಮಾತನ್ನಾದರೂ ಕೇಳು. ಮಗು ಮೋಕ್ಷಿತಾ ಹೇಗಿದ್ದಾಳೆ? ಅವಳ ಫೋಟೋವನ್ನು ಸುಗುಣ ಪರ್ಸಿನಿಂದ ತೆಗೆದು ತೋರಿಸಿದಳು. ಹಣೆ, ಮೂಗು ಎಲ್ಲ ಅವಳ ತಾಯಿಯದ್ದಿರಬೇಕು. ನಿಂತ ರೀತಿ ಮಾತ್ರ ನಿನ್ನದೇ, ಒಂದು ಕಾಲು ಮುಂದಿಟ್ಟು, ಈಗಲೇ ರೈಡಿಗೆ ಹೊರಟವರ ಹಾಗೆ. ಎಷ್ಟು ಹೊತ್ತು ಆ ಫೋಟೋ ಹಿಡಿದುಕೊಂಡಿದ್ದೆನೆಂದರೆ ಕೊನೆಗೆ ಸುಗುಣಳೇ ನನ್ನ ಕೈಯಿಂದ ಬಿಡಿಸಿಕೊಂಡಳು.

ಇಲ್ಲಿ ನಾವೆಲ್ಲ ಇದ್ದೇವೆ. ನಿನ್ನ ಅತ್ತೆ ವನಜಳ ಮೊಣಕಾಲು ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ನನಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಯಿತು. ಸಪ್ಪೆ ಚಹಾ ಕುಡಿದು, ಆಮೇಲೆ ಯಾರಿಗೂ ಕಾಣದ ಹಾಗೆ ಬೆಲ್ಲದ ಡಬ್ಬಿಗೆ ಕೈ ಹಾಕುತ್ತೇನೆ, ಅದು ಎಲ್ಲರಿಗೂ ಗೊತ್ತು. ಮಗಳು ಸೌಜನ್ಯ ಬೈಂದೂರಿನಲ್ಲಿ ಅಂಗನವಾಡಿ ಟೀಚರ್ ಆಗಿದ್ದಾಳೆ, ಹದಿನೈದು ದಿನಕ್ಕೊಮ್ಮೆ ಬಂದು ನಮ್ಮಿಬ್ಬರನ್ನೂ ಅಂಗನವಾಡಿಯ ಮಕ್ಕಳಂತೆ ಗದರಿ ಹೋಗುತ್ತಾಳೆ. ನಿನ್ನ ಅಪ್ಪಯ್ಯ ಸೀನ ಭಾವನಿಗೆ ಹಂಗಾರಕಟ್ಟೆಯಲ್ಲಿ ಮೊದಲಿನಷ್ಟು ಕೆಲಸವಿಲ್ಲ. ಮರದ ದೋಣಿ ಕಟ್ಟಿಸುವವರು ಕಡಿಮೆಯಾದರು, ಎಲ್ಲರಿಗೂ ಫೈಬರ್ ಬೇಕು. ಆದರೂ ಬೆಳಿಗ್ಗೆ ಉಳಿ, ಕೊಡತಿ ಹಿಡಿದು ಹೊಳೆ ಬದಿಗೆ ಹೋಗದೆ ಇರುವುದಿಲ್ಲ. ಹಳೆಯ ದೋಣಿಗಳ ಬಿರುಕಿಗೆ ಹತ್ತಿ ತುಂಬುತ್ತಾ ಕೂತಿರುತ್ತಾನೆ. ನನ್ನ ಹತ್ತಿರ ಮಾತಾಡುತ್ತಾನೆ, ಆದರೆ ಹವಾಮಾನದ ಬಗ್ಗೆ ಮಾತ್ರ.

ಮೊಬೈಲು ಇರುವ ಕಾಲದಲ್ಲಿ ಮಾವ ಯಾಕೆ ಕಾಗದ ಬರೆಯುತ್ತಾನೆಂದು ನಿನಗೆ ಅನ್ನಿಸಬಹುದು. ಸೌಜನ್ಯ ನನಗೂ ಒಂದು ಕೊಡಿಸಿದ್ದಾಳೆ. ದೀಪಾವಳಿಗೆ ನಿನಗೆ ಎರಡು ಸಲ ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಮೂರನೆಯ ಸಲ ಸುಗುಣಳ ಫೋನಿನಿಂದ ಮಾಡಿದೆ. ನೀನು ಎತ್ತಿ “ಅಬ್ಬೀ” ಎಂದೆ. ನನ್ನ ದನಿ ಕೇಳಿದ್ದೇ ತಡ, ಇಟ್ಟುಬಿಟ್ಟೆ. ನನಗೇನೂ ಬೇಸರವಿಲ್ಲ. ಇಲ್ಲ, ಬೇಸರವಿದೆ. ಆದರೆ ಹತ್ತು ವರ್ಷದ ಮೇಲೆ ನಿನ್ನ ದನಿ ಕೇಳಿದ್ದು ಆ ಒಂದು ಮಾತಿನಲ್ಲೇ, ಅದೇ ದೊಡ್ಡದೆಂದು ಅವತ್ತು ರಾತ್ರಿ ಸರಿಯಾಗಿ ಊಟ ಮಾಡಿದೆ. ಕಾಗದವನ್ನಾದರೆ ನೀನು ಹರಿಯುವ ಮೊದಲು ಒಂದು ಸಾಲು ಓದಿಯೇ ಓದುತ್ತೀ.

ಈಗ ವಿಷಯಕ್ಕೆ ಬರುತ್ತೇನೆ. ನಾಳೆ ನಮ್ಮೂರಿನ ಕಡಲ ಬದಿಯ ಮೈದಾನದಲ್ಲಿ ಯುವಕ ಮಂಡಲದವರ ಕಬಡ್ಡಿ ಪಂದ್ಯಾಟವಿದೆ, ಅದರ ವೇದಿಕೆಯಲ್ಲಿ ನನಗೆ ಸನ್ಮಾನ. ನಗಬೇಡ. ಶಾಲು, ಪೇಟ, ಹಣ್ಣಿನ ಹರಿವಾಣ, ಚೌಕಟ್ಟು ಹಾಕಿಸಿದ ಸನ್ಮಾನ ಪತ್ರ, ಎಲ್ಲ ಉಂಟು. ಮಂಡಲದ ಅಧ್ಯಕ್ಷ ಈಗ ರತ್ನಾಕರ. ನಿನಗೆ ನೆನಪಿರಬೇಕು, ಅವತ್ತು ನನ್ನ ಎದುರು ಬದಿಯಲ್ಲಿ ಎರಡನೆಯ ತೀರ್ಪುಗಾರನಾಗಿ ನಿಂತಿದ್ದವನು. ಮೊನ್ನೆ ಸಂಜೆ ಆ ಪತ್ರದ ಪ್ರತಿಯೊಂದನ್ನು ತಂದು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದ. ನನ್ನ ಮೂವತ್ತೊಂದು ವರ್ಷದ ಸೇವೆಗೆ ಎರಡು ಸಾಲು. ಆಮೇಲೆ ಹೀಗೆ ಬರೆದಿದ್ದಾರೆ: “ರಕ್ತಸಂಬಂಧವನ್ನೂ ಲೆಕ್ಕಿಸದೆ ತನ್ನ ಸ್ವಂತ ಸೋದರಳಿಯನನ್ನೇ ಔಟ್ ಎಂದು ಸಾರಿದ ನಿಷ್ಪಕ್ಷಪಾತ ತೀರ್ಪುಗಾರರು.” ನಿನ್ನ ಹೆಸರಿಲ್ಲ, ಬರೀ ಸೋದರಳಿಯ. “ಮೇಷ್ಟ್ರೇ, ಜನ ಚಪ್ಪಾಳೆ ಹೊಡೂದ್ ಈ ಸಾಲಿಗೇ ಕಾಣಿ” ಎಂದ ರತ್ನಾಕರ. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ವನಜ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಆ ಸಾಲು ತೆಗೆಯಲು ಆಗುತ್ತದಾ ಎಂದು ಕೇಳಿದೆ. ಕುಂದಾಪುರದಲ್ಲಿ ಚೌಕಟ್ಟು ಹಾಕಿಸಿ ಆಗಿದೆ, ಗಾಜು ಕೂಡ ಕೂರಿಸಿದ್ದಾರೆ ಎಂದ. ನಾನು ಆ ಪ್ರತಿಯನ್ನು ಮಡಚಿ ಅವನ ಕೈಗೇ ಕೊಟ್ಟೆ. ಅದು ವಿನಯವೆಂದು ಅವನು ತಿಳಿದುಕೊಂಡ.

ಹಾಗಾಗಿ ನಿನಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಬರೆಯುತ್ತೇನೆ, ಸಿಟ್ಟಾಗಬೇಡ. ಊರಿನವರು ಅದನ್ನು ಹತ್ತು ಬಗೆಯಲ್ಲಿ ಹೇಳಿದ್ದಾರೆ. ನಾನು ಮಾತ್ರ ನಿನ್ನ ಮುಂದೆ ಒಮ್ಮೆಯೂ ಹೇಳಿಲ್ಲ. ಅದು ಉಡುಪಿ ಬೇರೆ ಜಿಲ್ಲೆಯಾದ ವರ್ಷ. ಮಂಗಳೂರಿನ ಕೆಳಗಿರುವ ತನಕ ನಮ್ಮ ಕಡೆಯ ಹುಡುಗರನ್ನು ಕೇಳುವವರಿಲ್ಲ ಎಂದು ಗೊಣಗುತ್ತಿದ್ದ ನಮಗೆಲ್ಲ ಆಗ ಮೈಮೇಲೆ ಬಂದಂತಾಗಿತ್ತು. ಹೊಸ ಜಿಲ್ಲೆಗೆ ಹೊಸ ತಂಡ ಬೇಕು, ಅರ್ಹತಾ ಪಂದ್ಯಾಟದಲ್ಲಿ ಗೆದ್ದ ಊರಿನ ಏಳೂ ಜನ ರಾಜ್ಯಮಟ್ಟಕ್ಕೆ ಹೋಗುವುದು ಎಂದು ತೀರ್ಮಾನವಾಯಿತು. ಎಲ್ಲಿಂದಲೋ ಆಟಗಾರರನ್ನು ತಂದು ತಮ್ಮೂರಿನವರೆಂದು ಆಡಿಸುವ ಚಾಳಿ ಇತ್ತಲ್ಲ, ಅದಕ್ಕೆ ಕಡಿವಾಣ ಹಾಕಲು ಸಮಿತಿಯವರು ಒಂದು ನಿಯಮ ಮಾಡಿದರು. ಆಟಗಾರ ಆ ಊರಿನಲ್ಲಿ ವಾಸವಿರಬೇಕು, ಇಲ್ಲವೇ ಅವನ ಮೂಲಮನೆ ಆ ಊರಿನಲ್ಲಿದ್ದು ಮನೆಯ ಯಜಮಾನ ಬರೆದುಕೊಟ್ಟಿರಬೇಕು. ಆ ಸಭೆಯಲ್ಲಿ ಕೂತು ಎರಡನೆಯ ಅರ್ಧವನ್ನು ಸೇರಿಸಿದವನು ನಾನು. ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಯಜಮಾನಿಕೆ ಮಾವನಿಂದ ಅಳಿಯನಿಗೆ ಬರುವುದು, ರೇಷನ್ ಕಾರ್ಡ್ ನೋಡಿ ಒಬ್ಬನ ಊರು ಯಾವುದೆಂದು ಹೇಳಲು ಬರುವುದಿಲ್ಲ ಎಂದು ಒಂದು ಗಂಟೆ ವಾದ ಮಾಡಿದೆ. ಎಲ್ಲರೂ ತಲೆಯಾಡಿಸಿದರು. ವಾದವೇನೋ ಸರಿಯಾಗಿಯೇ ಇತ್ತು, ಆದರೆ ಒಳಗೆ ಇದ್ದದ್ದು ನಿನ್ನ ಮೇಲಿನ ಆಸೆ.

ನೀನು ಹುಟ್ಟಿದ್ದು ಕೆಳಮನೆಯಲ್ಲಿ, ಬೆಳೆದದ್ದೆಲ್ಲ ಹಂಗಾರಕಟ್ಟೆಯಲ್ಲಿ. ಹನ್ನೆರಡನೆಯ ವರ್ಷದಿಂದ ಅಲ್ಲಿಯ ಹುಡುಗರ ಜೊತೆ ಹೊಳೆ ಬದಿಯ ಮರಳಿನಲ್ಲಿ ಉರುಳಿ ಉರುಳಿ ಕಲಿತ ಆಟ ನಿನ್ನದು. ಅವರ ತಂಡದಲ್ಲಿ ನಿನ್ನ ಜಾಗ ಗಟ್ಟಿಯಾಗಿತ್ತು. ಅವರ ನಾಯಕ ರಾಮ ನಿನ್ನನ್ನು ತಮ್ಮನ ಹಾಗೆ ನೋಡಿಕೊಂಡಿದ್ದ. ಇದೆಲ್ಲ ಗೊತ್ತಿದ್ದೂ ನಾನು ಕಾಗದ ಬರೆದು, ಕಿಸೆಯಲ್ಲಿಟ್ಟುಕೊಂಡು ಹಂಗಾರಕಟ್ಟೆಗೆ ಬಸ್ಸು ಹತ್ತಿ ಬಂದೆ. “ನೀ ಕೆಳಮನೆ ಮಾಣಿ, ಬೀಜಾಡಿಗೇ ಆಡ್ಕ್” ಎಂದೆ. ಸೀನ ಭಾವ ಕೈಯಲ್ಲಿದ್ದ ಉಳಿಯನ್ನು ಕೆಳಗಿಡಲೂ ಇಲ್ಲ. “ಉಂಬುದ್ ಇಲ್ಲಿ, ಆಡುದ್ ಅಲ್ಲ್ಯಾ?” ಎಂದು ಅಷ್ಟೇ ಕೇಳಿದ. ನೀನು ಅವನ ಮುಖ ನೋಡಿದೆ, ನನ್ನ ಮುಖ ನೋಡಿದೆ, ಆಮೇಲೆ ಒಳಗೆ ಹೋಗಿ ಚಡ್ಡಿ, ಬನಿಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ವಾಪಸು ಬಸ್ಸಿನಲ್ಲಿ ನಿನ್ನ ಪಕ್ಕ ಕೂತು ಕೋಟೇಶ್ವರದ ತನಕ ನಾನೊಬ್ಬನೇ ಮಾತಾಡಿದೆ. ನಮ್ಮ ಮನೆಯ ಹುಡುಗ ರಾಜ್ಯಕ್ಕೆ ಆಡುತ್ತಾನೆ ಎಂಬ ಖುಷಿಯಲ್ಲಿ ನೀನು ಕಿಟಕಿಯ ಹೊರಗೇ ನೋಡುತ್ತಿದ್ದದ್ದು ನನ್ನ ಗಮನಕ್ಕೆ ಬರಲೇ ಇಲ್ಲ.

ಡಿಸೆಂಬರ್ ಹದಿನಾಲ್ಕು, ಭಾನುವಾರ, ಫೈನಲ್ ಆಟ ನಮ್ಮ ಮೈದಾನದಲ್ಲೇ, ಬೀಜಾಡಿಗೂ ಹಂಗಾರಕಟ್ಟೆಗೂ. ಬೆಳಿಗ್ಗೆ ಅಂಕಣ ಹಾಕಿದವನು ನಾನೇ. ನಮ್ಮ ಮರಳು ನೆಲದಲ್ಲಿ ಸುಣ್ಣದ ಪುಡಿಯ ಗೆರೆ ಎರಡು ರೈಡಿಗೇ ಅಳಿಸಿಹೋಗುತ್ತದೆಯಲ್ಲ, ಅದಕ್ಕೆ ಮಧ್ಯದ ಗೆರೆಗೆ ಹಗ್ಗವೇ ಹಾಕುವುದು ನಮ್ಮ ಕ್ರಮ. ಅಟ್ಟದಿಂದ ಹಳೆಯ ರಂಪಣಿ ಬಲೆಯ ಹಗ್ಗ ಇಳಿಸಿ, ಎರಡೂ ತುದಿಗೆ ಗೂಟ ಹೊಡೆದು ಬಿಗಿಯಾಗಿ ಎಳೆದು ಕಟ್ಟಿ, ಬೆನ್ನು ಮಾತ್ರ ಕಾಣುವ ಹಾಗೆ ಮರಳಿನಲ್ಲಿ ಹುಗಿದು, ಮೇಲೆ ಸುಣ್ಣ ಉದುರಿಸಿದೆ. ನೀನು ಬಂದು ಗೂಟ ಅಲ್ಲಾಡಿಸಿ ನೋಡಿ, ಮಾವ, ಇದಕ್ಕೆ ದೋಣಿ ಕಟ್ಟಬಹುದು ಎಂದು ನಕ್ಕೆ. ಅದು ನೀನು ನನ್ನ ಎದುರು ನಕ್ಕ ಕೊನೆಯ ನಗು, ಅದಕ್ಕೇ ಬರೆದೆ.

ಊದಬೇಕಾದವನು ನಾನಲ್ಲ. ಎರಡೂ ಊರಿಗೆ ಸಂಬಂಧವಿಲ್ಲದವರೇ ಮುಖ್ಯ ತೀರ್ಪುಗಾರರಾಗಬೇಕೆಂದು ಕಾರ್ಕಳದ ಕಡೆಯ ಒಬ್ಬರನ್ನು ಗೊತ್ತುಮಾಡಿದ್ದರು. ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡ ಬಿದ್ದು ಅವರ ಬಸ್ಸು ಎಲ್ಲೋ ನಿಂತಿತು. ನಾಲ್ಕು ಗಂಟೆಯಾಯಿತು, ನಾಲ್ಕೂವರೆಯಾಯಿತು. ಕಡಲ ಮೇಲೆ ಬಿಸಿಲು ಇಳಿಯುತ್ತಿತ್ತು, ಲೈಟಿನ ವ್ಯವಸ್ಥೆ ಇರಲಿಲ್ಲ. ಸಮಿತಿಯವರು ನನ್ನ ಕಡೆ ನೋಡಿದರು. ಹಂಗಾರಕಟ್ಟೆಯಿಂದ ಬಂದ ಜನರ ಮಧ್ಯದಿಂದ ಯಾರೋ “ಹ್ವಾಯ್, ಮಾವ ಊದ್ರೆ ಅಳಿಯ ಔಟ್ ಆತ್ನಾ?” ಎಂದು ಕೂಗಿದ, ದೊಡ್ಡ ನಗೆ ಎದ್ದಿತು. ನಾನು ಆಗ ಬೇಡವೆಂದುಬಿಡಬೇಕಿತ್ತು. ಮನೆಯ ಯಜಮಾನನೆಂದು ನಿನಗೆ ಸಹಿ ಹಾಕಿಕೊಟ್ಟವನು ನಾನು. ಅದೇ ಕೈಯಲ್ಲಿ ವಿಸಿಲ್ ಹಿಡಿಯಬಾರದು ಎನ್ನುವಷ್ಟು ಬುದ್ಧಿ ಇರಬೇಕಿತ್ತು. ಆದರೆ ರಾಮ ಮುಂದೆ ಬಂದು ತನ್ನ ಊರಿನವರಿಗೇ ಗದರಿದ. “ಮೇಷ್ಟ್ರೇ ಊದ್ಲಿ, ಅವ್ರ್ ಸುಳ್ ಊದುವರಲ್ಲ” ಎಂದ. ಅದನ್ನು ಕೇಳಿ ನಾನು ಉಬ್ಬಿಹೋದೆ ಮಾಣಿ. ಎದುರಾಳಿಯ ನಾಯಕನೇ ಹಾಗೆ ಹೇಳಿದ ಮೇಲೆ ಬೇಡವೆನ್ನುವುದು ಅವಮಾನವೆನ್ನಿಸಿತು. ಚಪ್ಪಲಿ ಕಳಚಿ ಗೂಟದ ಪಕ್ಕಕ್ಕೆ ಹೋಗಿ ನಿಂತೆ. ನಾನು ಯಾವತ್ತೂ ಬರಿಗಾಲಿನಲ್ಲೇ ಊದಿದವನು, ನಿನಗೆ ಗೊತ್ತು. ಬೂಟು ಹಾಕಿದರೆ ನನಗೆ ಕಿವಿ ಮುಚ್ಚಿದ ಹಾಗಾಗುತ್ತದೆ.

ಆಟದ ಬಗ್ಗೆ ನಾನು ಬರೆಯಬೇಕಾಗಿಲ್ಲ. ಇಪ್ಪತ್ತನಾಲ್ಕು, ಇಪ್ಪತ್ತಮೂರು. ನಾವು ಒಂದು ಅಂಕ ಹಿಂದೆ, ಕೊನೆಯ ರೈಡ್, ನೀನು ಹೋದೆ. ಮೂವರು ಒಟ್ಟಿಗೆ ನಿನ್ನ ಮೇಲೆ ಬಿದ್ದರು, ಒಬ್ಬ ಕಾಲಿಗೆ, ಒಬ್ಬ ಸೊಂಟಕ್ಕೆ, ರಾಮ ಬೆನ್ನಿಗೆ. ಆ ಮೂವರನ್ನೂ ಹೊತ್ತುಕೊಂಡು ನೀನು ಉಸಿರು ಬಿಡದೆ “ಕಬಡ್ಡಿ ಕಬಡ್ಡಿ” ಎನ್ನುತ್ತಾ ಮೊಣಕಾಲಿನಲ್ಲಿ ಗೆರೆಯ ಕಡೆಗೆ ತೆವಳಿದೆ. ಬಲಗೈ ಚಾಚಿದೆ. ಅಷ್ಟರಲ್ಲಿ ಇನ್ನೊಬ್ಬ ಬಂದು ಮೇಲೆ ಬಿದ್ದ, ನನಗೆ ಕಂಡದ್ದು ಬರೀ ಬೆನ್ನುಗಳು. ರತ್ನಾಕರನ ಕಡೆಗೂ ಏನೂ ಕಾಣಿಸಲಿಲ್ಲ, ಅವನು ನನ್ನ ಮುಖ ನೋಡಿದ. ಇಡೀ ಮೈದಾನ ನನ್ನ ಮುಖ ನೋಡಿತು. ನಾನು ಊದಿ, ಬೆರಳು ಎತ್ತಿ ಔಟ್ ಕೊಟ್ಟೆ. ನೀನು ಎದ್ದು ಬಂದು ಅಂಗೈ ಬಿಡಿಸಿ ತೋರಿಸಿದೆ, ಬೆರಳುಗಳ ತುದಿಯೆಲ್ಲ ಸುಣ್ಣ. “ಮಾವ, ಕಾಣಿ! ಗೆರೆ ಮುಟ್ಟಿದ್ದೆ. ನೀವ್ ಕಂಡ್ರಿ ಅಲ್ದಾ?” ಎಂದೆ. ನಾನು ಕಾಣಲಿಲ್ಲ ಎಂದೆ. ಸುಣ್ಣ ಅಂಕಣದ ತುಂಬಾ ಹರಡಿದೆ, ಅದು ಸಾಕ್ಷಿಯಲ್ಲ ಎಂದೂ ಹೇಳಿದೆ. ಆ ಮಾತನ್ನು ಪಾಠ ಹೇಳುವವರ ಹಾಗೆ ಹೇಳಿದೆ. ನಾನು ಕಾಣಲಿಲ್ಲ, ರೂಪೇಶ. ಇದನ್ನು ನಮ್ಮ ಮನೆಯ ದೈವದ ಮುಂದೆ ಬೇಕಾದರೂ ಹೇಳುತ್ತೇನೆ.

ಆಮೇಲೆ ನಡೆದದ್ದನ್ನು ನೀನು ಪೂರ್ತಿ ನೋಡಲಿಲ್ಲ. ನಮ್ಮೂರಿನವರು ದೂರು ಕೊಟ್ಟರು, ನೆಂಟಸ್ತಿಕೆಯ ಅಂಜಿಕೆಗೆ ಮೇಷ್ಟ್ರು ಬೇಕೆಂದೇ ಸೋಲಿಸಿದರು ಎಂದು. ಬ್ರಹ್ಮಾವರದ ಬಸ್ ನಿಲ್ದಾಣದ ಹಿಂದಿನ ಹಾಲ್‌ನಲ್ಲಿ ವಿಚಾರಣೆ ಇಟ್ಟರು. ಒಬ್ಬೊಬ್ಬರೇ ಎದ್ದು ನಿಂತು ತಾವು ಕಂಡದ್ದನ್ನು ಹೇಳಿದರು, ಒಬ್ಬರು ಕಂಡದ್ದು ಇನ್ನೊಬ್ಬರಿಗೆ ಹೊಂದಲಿಲ್ಲ. ನನ್ನನ್ನು ಕೇಳಿದರು. ಕಾಣದೆ ಇದ್ದದ್ದನ್ನು ಕಂಡೆ ಎನ್ನುವುದು ಹೇಗೆ ಎಂದೆ. ಆಗ ಸಮಿತಿಯ ಹಿರಿಯರೊಬ್ಬರು ಕನ್ನಡಕ ಒರೆಸುತ್ತಾ, ಸ್ವಂತ ಅಳಿಯನನ್ನು ಔಟ್ ಕೊಟ್ಟವರ ನಿಷ್ಪಕ್ಷಪಾತವನ್ನು ಅನುಮಾನಿಸುವುದೇ ಪಾಪ ಎಂದರು. ದೂರು ವಜಾ ಆಯಿತು. ನನ್ನ ಹೆಸರು ಎದ್ದು ನಿಂತದ್ದು ಅವತ್ತಿನಿಂದ. ಶಿರೂರಿನಿಂದ ಸಾಲಿಗ್ರಾಮದ ತನಕ ಎಲ್ಲಿ ಜಗಳ ಬರುವ ಹಾಗಿದ್ದರೂ ಮುತ್ತ ಮೇಷ್ಟ್ರನ್ನೇ ಕರೆಯಿರಿ ಎನ್ನತೊಡಗಿದರು. ಹತ್ತು ವರ್ಷ ಊದಿದೆ. ಒಂದು ತೀರ್ಪಿಗೂ ಯಾರೂ ಎದುರಾಡಲಿಲ್ಲ.

ನಿನ್ನ ಪಾಡು ಏನಾಯಿತೆಂದು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಮರುವರ್ಷದ ಶುರುವಿನಲ್ಲೇ ಸಮಿತಿಯವರು ಮೂಲಮನೆಯ ಕಾಗದ ನಡೆಯುವುದಿಲ್ಲ, ರೇಷನ್ ಕಾರ್ಡೇ ಬೇಕು ಎಂದರು. ಅಲ್ಲಿಗೆ ಬೀಜಾಡಿಯ ಬಾಗಿಲು ಮುಚ್ಚಿತು. ಹಂಗಾರಕಟ್ಟೆಯವರು ಒಮ್ಮೆ ಬಿಟ್ಟುಹೋದವನಿಗೆ ಜಾಗವಿಲ್ಲ ಎಂದರು. ಎರಡು ಊರಿದ್ದ ಹುಡುಗನಿಗೆ ಒಂದೂ ಇಲ್ಲದ ಹಾಗಾಯಿತು. ರಾಜ್ಯಮಟ್ಟಕ್ಕೆ ಹೋದ ಹಂಗಾರಕಟ್ಟೆಯ ಏಳು ಜನರಲ್ಲಿ ಇಬ್ಬರಿಗೆ ಕೆಲಸ ಸಿಕ್ಕಿತು, ಒಬ್ಬನಿಗೆ ಬ್ಯಾಂಕಿನಲ್ಲಿ, ರಾಮನಿಗೆ ಪೊಲೀಸಿನಲ್ಲಿ. ನಾನು ಕಾಗದ ಹಿಡಿದುಕೊಂಡು ಬಾರದೆ ಇದ್ದಿದ್ದರೆ ಆ ಏಳರಲ್ಲಿ ನೀನೂ ಇರುತ್ತಿದ್ದೆ. ನೀನು ಫೆಬ್ರವರಿಯಲ್ಲಿ ಒಂದು ಚೀಲ ಹಿಡಿದು ರತ್ನಾಗಿರಿಗೆ ಹೋದೆಯೆಂದು ನನಗೆ ಮೀನು ಮಾರುವ ಪದ್ದುವಿನಿಂದ ಗೊತ್ತಾಯಿತು. ಸುಗುಣ ಒಂದು ವರ್ಷ ಕೆಳಮನೆಯ ಹೊಸ್ತಿಲು ತುಳಿಯಲಿಲ್ಲ. ಆಮೇಲೆ ಬಂದಳು, ಅಂಗಳದಲ್ಲೇ ನಿಂತು ಒಂದೇ ಮಾತು ಕೇಳಿದಳು. “ಅವ್ನನ್ನ್ ಇಲ್ಲಿಗ್ ಕರ್ಕಂಡ್ ಬಂದದ್ದ್ ಎಂತಕೆ ಅಣ್ಣಯ್ಯ?” ಔಟ್ ಕೊಟ್ಟದ್ದು ಯಾಕೆಂದು ಅವಳು ಕೇಳಲೇ ಇಲ್ಲ. ಅದಕ್ಕಾದರೆ ನನ್ನ ಹತ್ತಿರ ಉತ್ತರ ರೆಡಿ ಇತ್ತು.

ಮನೆ ದೈವಕ್ಕೆ ವರ್ಷದ ಪೂಜೆ ಮಾಡುವಾಗ ನನ್ನ ಎಡಬದಿಯಲ್ಲಿ ಹಿರಿಯ ಅಳಿಯ ನಿಲ್ಲಬೇಕು, ನಿನಗೆ ಗೊತ್ತಿದೆ. ಹತ್ತು ವರ್ಷದಿಂದ ಅಲ್ಲಿ ಯಾರೂ ನಿಂತಿಲ್ಲ. ನನ್ನ ತಮ್ಮಂದಿರು ತಮ್ಮ ಮಕ್ಕಳನ್ನು ನಿಲ್ಲಿಸೋಣ ಎಂದರು, ನಾನು ಒಪ್ಪಲಿಲ್ಲ. ಊಟಕ್ಕೆ ಕೂರುವಾಗ ನಿನ್ನ ಎಲೆಯನ್ನು ಹಾಕಿಸಿ, ಬಡಿಸಿ, ಆಮೇಲೆ ದನಕ್ಕೆ ಹಾಕುತ್ತೇವೆ. ನನ್ನ ನಂತರ ಈ ಮನೆಯ ಯಜಮಾನಿಕೆ ನಿನ್ನದು. ನೀನು ಬರಲಿ, ಬಾರದೆ ಇರಲಿ, ಅದರಲ್ಲಿ ಬದಲಾವಣೆ ಇಲ್ಲ. ಬೇಡವೆಂದು ನೀನೇ ಬರೆದುಕೊಟ್ಟರೂ ನಾನು ಆ ಕಾಗದ ತೆಗೆದುಕೊಳ್ಳುವುದಿಲ್ಲ.

ನಾಳೆ ಮೈಕಿನಲ್ಲಿ ಎರಡು ಮಾತು ಹೇಳಬೇಕಂತೆ. ಏನು ಹೇಳುವುದೆಂದು ಎರಡು ದಿನದಿಂದ ಅಂಗಳದಲ್ಲಿ ತಿರುಗಿದೆ. ಆ ಅಳಿಯನಿಗೊಂದು ಹೆಸರಿದೆ ಎಂದಾದರೂ ಹೇಳಬೇಕೆಂದುಕೊಂಡಿದ್ದೇನೆ. ಈ ಕಾಗದವನ್ನು ಸೋಮವಾರ ಕೋಟೇಶ್ವರದಲ್ಲಿ ಅಂಚೆಗೆ ಹಾಕುತ್ತೇನೆ.

ಭುಜದ ಮೇಲೆ ಭಾರ ಹೊರಬೇಡ, ಸ್ವಲ್ಪ ದಿನವಾದರೂ ಎಡಗೈ ಬಳಸು. ಮೋಕ್ಷಿತಾಳಿಗೆ ಅಜ್ಜನ ಮುತ್ತು, ಅಜ್ಜ ಯಾರೆಂದು ಅವಳಿಗೆ ಹೇಳಿದ್ದರೆ. ನಿನ್ನ ಹೆಂಡತಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ನೀನು ಎಲ್ಲಿದ್ದರೂ ಕೆಳಮನೆಯ ದೈವ ನಿನ್ನ ಬೆನ್ನ ಹಿಂದೆ ಇರಲಿ.

ಇತಿ, ನಿನ್ನ ಮಾವ
ಮುತ್ತ

ವಿ. ಸೂ. — ಸೋಮವಾರ ಬೆಳಿಗ್ಗೆ. ಹತ್ತೂವರೆಗೆ ಟಪಾಲು ಚೀಲ ಕಟ್ಟುತ್ತಾರೆ, ಹೊತ್ತಿಲ್ಲ, ಬೇಗ ಬರೆಯುತ್ತೇನೆ. ಸನ್ಮಾನ ಆಯಿತು. ನಿನ್ನ ಅಬ್ಬಿಯೂ ಅಪ್ಪಯ್ಯನೂ ಬಂದಿದ್ದರು, ಎರಡನೆಯ ಸಾಲಿನಲ್ಲಿ ಕೂತಿದ್ದರು. ಸೋದರಳಿಯನ ಸಾಲು ಓದಿದಾಗ ರತ್ನಾಕರ ಹೇಳಿದ ಹಾಗೆಯೇ ಜನ ಚಪ್ಪಾಳೆ ಹೊಡೆದರು. ಸುಗುಣಳ ಕೈ ಮಡಿಲಿನಲ್ಲೇ ಇತ್ತು. ಮೈಕು ಕೊಟ್ಟರು. ಹೇಳಬೇಕೆಂದೇ ಎದ್ದೆ. ವೇದಿಕೆಯ ಮೇಲೂ ನಾನು ಬರಿಗಾಲಿನಲ್ಲೇ ಇದ್ದೆ, ಮೈಕಿನ ವೈರು ನನ್ನ ಪಾದದ ಕೆಳಗೆ ಇತ್ತು. ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಯಾರೋ ಆ ವೈರನ್ನು ಎಳೆದರು, ಅದು ಕಾಲ ಕೆಳಗೆ ಜಗ್ಗಿತು. ಅಷ್ಟೇ. ಎಲ್ಲರಿಗೂ ಧನ್ಯವಾದ ಎಂದು ಹೇಳಿ ಕೂತುಬಿಟ್ಟೆ. ನಿನ್ನ ಹೆಸರೂ ಹೇಳಲಿಲ್ಲ.

ನಾನು ಕಾಣಲಿಲ್ಲ ಎಂದದ್ದು ಸುಳ್ಳಲ್ಲ. ಆದರೆ ಅವತ್ತು ನಾನು ಗೂಟದ ಹತ್ತಿರ ಹಗ್ಗದ ಮೇಲೆ ಕಾಲಿಟ್ಟು ನಿಂತಿದ್ದೆ. ಆ ಬೆನ್ನುಗಳ ಕೆಳಗೆ ನೀನು ಹಗ್ಗ ಹಿಡಿದು ಎಳೆದೆ. ನನ್ನ ಹೆಬ್ಬೆರಳಿನ ಅಡಿಯಲ್ಲಿ ಹಗ್ಗ ಎರಡು ಸಲ ಜಗ್ಗಿತು. ಆಗ ನಿನ್ನ ಉಸಿರು ಇನ್ನೂ ನಡೆಯುತ್ತಿತ್ತು, “ಕಬಡ್ಡಿ” ಎನ್ನುವುದು ನನಗೆ ಕೇಳಿಸುತ್ತಿತ್ತು. ನಾಲ್ಕು ಅಂಕ ನಿನ್ನದು, ಆಟ ನಮ್ಮದು ಎಂದು ನನಗೆ ಗೊತ್ತಾಯಿತು. ಅದೇ ಹೊತ್ತಿಗೆ ಮಾವ ಕೊಡ್ತಾನೆ ಕಾಣಿ ಎಂದು ಹಿಂದಿನಿಂದ ಯಾರೋ ಹೇಳಿದ್ದೂ ಕೇಳಿಸಿತು. ಕೊಟ್ಟರೆ ಸಾಯುವ ತನಕ ಮಾವ ಕೊಟ್ಟ ಎನ್ನುತ್ತಾರೆಂದು ಹೆದರಿದೆ. ಹೆದರಿ ಬೆರಳು ಎತ್ತಿದೆ. ಬ್ರಹ್ಮಾವರದಲ್ಲಿ ಎಲ್ಲರೂ ಕಂಡಿರಾ ಕಂಡಿರಾ ಎಂದೇ ಕೇಳಿದರು, ನಾನು ಆ ಮಾತಿನ ಹಿಂದೆ ಹತ್ತು ವರ್ಷ ಅಡಗಿ ಕೂತೆ.

ಇದನ್ನೇ ಇನ್ನೊಂದು ಹಾಳೆಯಲ್ಲಿ ರತ್ನಾಕರನಿಗೆಂದು ಬರೆದಿದ್ದೇನೆ, ಕೊಡುವ ಧೈರ್ಯ ಈ ಬೆಳಿಗ್ಗೆಯ ತನಕ ಬಂದಿಲ್ಲ. ನೀನು ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು, ನಾನು ಇಲ್ಲವೆನ್ನುವುದಿಲ್ಲ. ಇದರಿಂದ ನಿನಗೆ ಈಗ ಕೆಲಸ ಸಿಗುವುದಿಲ್ಲ, ಭುಜದ ನೋವು ಹೋಗುವುದಿಲ್ಲ, ಗೊತ್ತು. ನಿನ್ನನ್ನು ಬೀಜಾಡಿಗೆ ಕರೆತಂದ ಕಾಗದಕ್ಕೆ ಹಾಕಿದ ಹಾಗೆಯೇ ಪೂರ್ತಿ ಹೆಸರು ಬರೆದು ಸಹಿ ಹಾಕುತ್ತಿದ್ದೇನೆ. ನೀನು ಔಟ್ ಆಗಿರಲಿಲ್ಲ.

ಬಿ. ಮುತ್ತ
ಯಜಮಾನ, ಕೆಳಮನೆ, ಬೀಜಾಡಿ
ದಿನಾಂಕ ೧೪–೧೨–೧೯೯೭ರ ಆಟದ ತೀರ್ಪುಗಾರ